ಬರವೂ ಭರವಸೆಯೂ

ಕನ್ನಂಬಾಡಿಯ ಕಟ್ಟೆ ತುಂಬಿತೆಂದರೆ ಮೈಸೂರಿನ ಜನಕ್ಕೆ ಹಬ್ಬ. 2023ರಲ್ಲಿ ಆ ಹಬ್ಬ ಬರಲಿಲ್ಲ. 124.80 ಅಡಿಯ ಜಲಾಶಯ ಮಳೆಗಾಲ ಮುಗಿದರೂ ತುಂಬಲಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದುವು. ಕರ್ನಾಟಕವು ಕೇಂದ್ರವನ್ನು ಕೇಳಿದ್ದು 18,171 ಕೋಟಿ ರೂಪಾಯಿ. ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಮೇಲೆ, 2024ರ ಏಪ್ರಿಲಿನಲ್ಲಿ, ದೊರೆತದ್ದು ಸುಮಾರು 3,454 ಕೋಟಿ. ಅಷ್ಟರಲ್ಲಿ ಪೈರು ಒಣಗಿ ಹೋಗಿತ್ತು.

ಜಗತ್ತಿನ ಕಥೆಯೂ ಇದೇ ಜಾಡಿನದು. ಹೊಗೆಯುಗುಳಿದವರು ಒಬ್ಬರು, ಬೇಯುವವರು ಇನ್ನೊಬ್ಬರು. ಬಡರಾಷ್ಟ್ರಗಳಿಗೆ ವರ್ಷಕ್ಕೆ 10,000 ಕೋಟಿ ಡಾಲರು ಒದಗಿಸುವೆವೆಂದು ಸಿರಿವಂತ ರಾಷ್ಟ್ರಗಳು 2009ರಲ್ಲಿ ಕೋಪನ್‌ಹೇಗನ್ನಿನಲ್ಲಿ ಮಾತು ಕೊಟ್ಟುವು. ಗಡುವು 2020, ನುಡಿ ನಡೆಯಾದದ್ದು 2022ರಲ್ಲಿ, ಅದರಲ್ಲಿಯೂ ಬಹುಭಾಗ ಸಾಲವಾಗಿ! 2024ರಲ್ಲಿ ಬಾಕುವಿನ ಸಮ್ಮೇಳನದಲ್ಲಿ ಬೆಳೆಯುತ್ತಿರುವ ರಾಷ್ಟ್ರಗಳು ವರ್ಷಕ್ಕೆ 1.3 ಲಕ್ಷ ಕೋಟಿ ಡಾಲರು ಬೇಡಿದುವು. ಸಿಕ್ಕ ಭರವಸೆ 2035ರ ವೇಳೆಗೆ 30,000 ಕೋಟಿ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬುದು ಹಳೆಯ ಗಾದೆ. ಈಗ ತೋಡುವ ಗುದ್ದಲಿಗೂ ಬಡ್ಡಿ! ನೆರವೆಂಬುದು ಮಳೆಯಂತೆ, ಹದ ತಪ್ಪಿ ಬಂದರೆ ಪೈರನ್ನು ಬದುಕಿಸದು. 2024ರ ಜುಲೈನಲ್ಲಿ ಕಟ್ಟೆಯೇನೋ ತುಂಬಿತು. ಆ ಒಂದು ವರ್ಷದ ಸಾಲ ತೀರಲು ರೈತನಿಗೆ ಇನ್ನೆಷ್ಟು ಮಳೆಗಾಲ ಬೇಕೋ!