ಒಪ್ಪಿಕೊಂಡವನಿಗೆ ದಂಡ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ನಮ್ಮ ಮನೆಯ ಹಿರಿಯರು ದಿನಬೆಳಗಾದರೆ ಹೇಳುವ ಮಾತು. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನವರು 2013ರಲ್ಲಿ ಇದನ್ನೇ ಕಟ್ಟಳೆಯಾಗಿ ಬರೆದರು. ಮೂರು ವರ್ಷಗಳ ಲೆಕ್ಕದಲ್ಲಿ ಯಾವ ಫುಟ್‌ಬಾಲ್ ಕ್ಲಬ್ಬೂ 10.5 ಕೋಟಿ ಪೌಂಡಿಗಿಂತ ಹೆಚ್ಚು ನಷ್ಟ ಮಾಡಿಕೊಳ್ಳಕೂಡದು ಎಂದರು.

ಈ ಕಟ್ಟಳೆಯ ಮೇಲೆ ನನಗೆ ಮುನಿಸಿಲ್ಲ. ಹಣದ ಹೊಣೆಯರಿಯದ ಕ್ಲಬ್ಬಿನ ಗತಿ ಏನಾಗುತ್ತದೆಂಬುದನ್ನು ಮ್ಯಾಂಚೆಸ್ಟರಿನ ನೆರೆಯ ಬೆರಿ ಪಟ್ಟಣ ಕಂಡಿದೆ. 1885ರಲ್ಲಿ ಹುಟ್ಟಿದ ಅಲ್ಲಿಯ ಕ್ಲಬ್ಬನ್ನು 2019ರ ಆಗಸ್ಟಿನಲ್ಲಿ ಲೀಗಿನಿಂದಲೇ ಹೊರಹಾಕಿದರು. ಲೆಕ್ಕ ಕೆಡಿಸಿದವರು ಧಣಿಗಳು; ಆಟ ಕಳೆದುಕೊಂಡದ್ದು ಊರು. ಆದ್ದರಿಂದ ಕಾನೂನು ಬೇಕು. ನನ್ನ ತಕರಾರೆಲ್ಲ ಅದನ್ನು ನಡೆಸುವ ರೀತಿಯ ಮೇಲೆ.

ಲಿವರ್‌ಪೂಲಿನ ಎವರ್ಟನ್ ಕ್ಲಬ್ಬನ್ನು ನೋಡಿ. ಮರ್ಸಿ ನದಿಯ ದಂಡೆಯಲ್ಲಿ ಹೊಸ ಕ್ರೀಡಾಂಗಣ ಕಟ್ಟುತ್ತಿದ್ದರು. ಅದರ ಸಾಲದ ಬಡ್ಡಿಯನ್ನು ನಷ್ಟದ ಲೆಕ್ಕದಿಂದ ಬಿಡಬೇಕೆಂದು ವಾದಿಸಿದರು. ವಿಚಾರಣೆಯ ಮಂಡಲಿ ಒಪ್ಪಲಿಲ್ಲ. ಮಿತಿ ಮೀರಿದ್ದೇವೆಂದು ಕ್ಲಬ್ಬು ಒಪ್ಪಿಕೊಂಡಿತ್ತು. ಎಷ್ಟು ಮೀರಿದ್ದೆಂಬುದಷ್ಟೇ ವಿವಾದ. ಮಂಡಲಿಯ ಲೆಕ್ಕಕ್ಕೆ 1.95 ಕೋಟಿ ಪೌಂಡು ಬಂತು. 2023ರ ನವೆಂಬರಿನಲ್ಲಿ 10 ಅಂಕ ಕಳೆದರು. 2024ರ ಫೆಬ್ರವರಿಯಲ್ಲಿ, ಮೇಲ್ಮನವಿಯ ನಂತರ, ಆ 10 ಎಂಬುದು 6 ಆಯಿತು. ಏಪ್ರಿಲಿನಲ್ಲಿ ಮುಂದಿನ ಅವಧಿಯ ಲೆಕ್ಕಕ್ಕಾಗಿ ಮತ್ತೆ 2 ಹೋಯಿತು. ಯಾವ ತಪ್ಪಿಗೆ ಎಷ್ಟು ಅಂಕವೆಂಬ ಪಟ್ಟಿಯನ್ನು ಮೊದಲೇ ಬರೆದಿಟ್ಟಿರಲಿಲ್ಲ. ದರ ಹೇಳದೆ ತೂಗುವ ಅಂಗಡಿಗೆ ನಾವು ಹೋಗುತ್ತೇವೆಯೇ?

ನಾಟಿಂಗ್‌ಹ್ಯಾಮ್ ಫಾರೆಸ್ಟಿನವರೂ ತಪ್ಪೊಪ್ಪಿದರು. 2024ರ ಮಾರ್ಚಿನಲ್ಲಿ ಅವರಿಗೆ 4 ಅಂಕ ನಷ್ಟವಾಯಿತು. ಬೇಗ ಒಪ್ಪಿ ಸಹಕರಿಸಿದ್ದಕ್ಕೆ 2 ಅಂಕದ ರಿಯಾಯಿತಿ ಸಿಕ್ಕಿತೆಂಬುದನ್ನು ಮುಚ್ಚಿಡಬಾರದು.

ಆದರೆ ಒಪ್ಪದವನಿಗೆ ಸಿಕ್ಕುವ ರಿಯಾಯಿತಿಯ ಮುಂದೆ ಇದು ಯಾವ ಲೆಕ್ಕ? ಮ್ಯಾಂಚೆಸ್ಟರ್ ಸಿಟಿಯ ಮೇಲೆ ನೂರಕ್ಕೂ ಮಿಕ್ಕ ಆರೋಪಗಳನ್ನು ಹೊರಿಸಿದ್ದು 2023ರ ಫೆಬ್ರವರಿಯಲ್ಲಿ. ಎವರ್ಟನ್ನಿನ ಮೇಲೆ ದೂರು ಹೋದದ್ದು ಅದಾದ ಮರುತಿಂಗಳು. ಸಿಟಿಯವರು ಆರೋಪಗಳನ್ನೆಲ್ಲ ನಿರಾಕರಿಸಿದರು. ವಿಚಾರಣೆ ಆರಂಭವಾದದ್ದು 2024ರ ಸೆಪ್ಟೆಂಬರಿನಲ್ಲಿ. ಅಷ್ಟರೊಳಗೆ ಎವರ್ಟನ್ ಎರಡು ಸಲ ದಂಡ ತೆತ್ತಾಗಿತ್ತು. ಸಿಟಿ ಎರಡು ಸಲ ಚಾಂಪಿಯನ್ ಆಗಿತ್ತು.

ಸಿಟಿ ತಪ್ಪಿತಸ್ಥನೆಂದು ನಾನು ಹೇಳುತ್ತಿಲ್ಲ; ಅದು ನನ್ನ ಕೆಲಸವಲ್ಲ. ನಿರ್ದೋಷಿಯಾಗಿದ್ದರೆ ಈ ವಿಳಂಬ ಅದಕ್ಕೂ ಅನ್ಯಾಯವೇ. ಗೆದ್ದ ಪದಕಗಳ ಮೇಲೆಲ್ಲ ಸಂಶಯದ ಮಸಿ ಕುಳಿತಿತು. ದೋಷಿಯಾಗಿದ್ದರೆ, ಎರಡನೆಯ ಸ್ಥಾನಕ್ಕೆ ನಿಂತವರ ಗೆಲುವನ್ನು ಈಗ ಮರಳಿ ಆಡಿಸುವವರಾರು?

ಒಂದು ಲೆಕ್ಕದ ಪುಸ್ತಕಕ್ಕೂ ಒಂಬತ್ತು ವರ್ಷದ ಕಡತಗಳಿಗೂ ಒಂದೇ ಕಾಲ ಸಾಕೇ ಎಂದು ವಕೀಲರು ಕೇಳುತ್ತಾರೆ. ಸಾಲದು, ಒಪ್ಪಿದೆ. ಆದರೆ ಸರಳ ಮೊಕದ್ದಮೆಗಳು ಅದೇ ಋತುವಿನಲ್ಲಿ ಮುಗಿಯಬೇಕೆಂದು ಗಡುವು ಗೊತ್ತುಮಾಡಿದವರು, ಕ್ಲಿಷ್ಟವಾದವುಗಳಿಗೆ ಒಂದೂವರೆ ವರ್ಷವೆಂದೋ ಎರಡು ವರ್ಷವೆಂದೋ ಏಕೆ ಗಡುವಿಡಲಿಲ್ಲ? ಗಡುವಿಲ್ಲದ ಕಡೆ ಗೆಲ್ಲುವುದು ವಕೀಲರ ಶುಲ್ಕ ತೆರಬಲ್ಲವನ ಥೈಲಿ.

ಕಟ್ಟಳೆಯೊಳಗೇ ನುಸುಳುವ ದಾರಿಯೂ ಧನಿಕರಿಗೇ ಸುಲಭ. ಲಂಡನ್ನಿನ ಚೆಲ್ಸೀ ತನ್ನ ಎರಡು ಹೋಟೆಲುಗಳನ್ನು ತನ್ನದೇ ಒಡೆಯರ ಇನ್ನೊಂದು ಕಂಪನಿಗೆ 7.65 ಕೋಟಿ ಪೌಂಡಿಗೆ ಮಾರಿ ನಷ್ಟ ಇಳಿಸಿಕೊಂಡಿತು. ಇದನ್ನು ನಿಷೇಧಿಸಲು 2024ರಲ್ಲಿ ಮತಕ್ಕೆ ಹಾಕಿದಾಗ ಕ್ಲಬ್ಬುಗಳಿಂದ ಬೇಕಾದಷ್ಟು ಮತ ಬರಲಿಲ್ಲ. ಎಡಜೇಬಿನಿಂದ ಬಲಜೇಬಿಗೆ ಹಾಕಿದ ದುಡ್ಡು ಸಂಪಾದನೆಯಂತೆ. ಮೈದಾನ ಕಟ್ಟಲು ತೆತ್ತ ಬಡ್ಡಿ ಮಾತ್ರ ದುಂದಂತೆ!

2025ರ ನವೆಂಬರಿನಲ್ಲಿ ಲೀಗಿನವರು ನಷ್ಟದ ಲೆಕ್ಕವನ್ನೇ ಬಿಟ್ಟು, ಮುಂದಿನ ಋತುವಿನಿಂದ ಆಟಗಾರರ ವೆಚ್ಚವನ್ನು ಆದಾಯಕ್ಕೆ ಹೋಲಿಸಿ ಅಳೆಯುವುದೆಂದು ಮತ ಹಾಕಿದರು. ಒಳ್ಳೆಯದೇ. ಆದರೆ ಅಳತೆಗೋಲು ಬದಲಾದ ಮಾತ್ರಕ್ಕೆ ಅಳೆಯುವವರ ಕೈ ನೆಟ್ಟಗಾಗುವುದಿಲ್ಲ. ದಂಡದ ಪಟ್ಟಿಯನ್ನು ಮುಂಚೆಯೇ ಪ್ರಕಟಿಸಲಿ. ತೀರ್ಪಿನ ದಿನವನ್ನು ದೊಡ್ಡವರಿಗೂ ಗೊತ್ತುಮಾಡಲಿ. ಅಲ್ಲಿಯವರೆಗೆ ಈ ಲೀಗು ತನ್ನ ಕ್ಲಬ್ಬುಗಳಿಗೆ ಕಲಿಸುವ ಪಾಠ ಒಂದೇ: ತಪ್ಪು ಮಾಡಿದರೆ ಸಣ್ಣದಾಗಿ ಮಾಡಬೇಡ, ಮಾಡಿದ ಮೇಲೆ ಒಪ್ಪಿಕೊಳ್ಳಬೇಡ.