ಕೊಂಡವರು, ಕಾದವರು, ಸೆಕೆಂಡ್ ಹ್ಯಾಂಡ್ ಹಿಡಿದವರು

2010ರ ಡಿಸೆಂಬರ್‌ನಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ತನ್ನ ಷೆವ್ರೊಲೆ ವೋಲ್ಟ್ ಕಾರನ್ನು ಮೊದಲ ಗ್ರಾಹಕರ ಕೈಗೆ ಕೊಟ್ಟಿತು. ರಾತ್ರಿ ಮನೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಬೆಳಿಗ್ಗೆ ಸುಮಾರು 56 ಕಿಲೋಮೀಟರ್ ಬರೀ ಕರೆಂಟಿನಲ್ಲಿ ಓಡುತ್ತಿತ್ತು. ಅದು ಮುಗಿದ ಮೇಲೆ 1.4 ಲೀಟರಿನ ಪೆಟ್ರೋಲ್ ಎಂಜಿನ್ ತಾನಾಗಿಯೇ ಕೆಲಸಕ್ಕಿಳಿಯುತ್ತಿತ್ತು. ಬೆಲೆ 41,000 ಡಾಲರ್. ಅದರಲ್ಲಿ 7,500 ಡಾಲರನ್ನು ಸರ್ಕಾರ ತೆರಿಗೆಯಲ್ಲಿ ಬಿಟ್ಟುಕೊಡುತ್ತಿತ್ತು. ಅಂದಿನಿಂದ ಇಂಥ ಪ್ಲಗ್-ಇನ್ ಹೈಬ್ರಿಡ್ ಕಾರಿನ ಮೇಲೆ ಕಣ್ಣಿಟ್ಟವರೆಲ್ಲ ಕೇಳಿಕೊಂಡು ಬಂದಿರುವ ಪ್ರಶ್ನೆ ಒಂದೇ: ಈಗಲೇ ಕೊಳ್ಳೋಣವೋ, ಇನ್ನಷ್ಟು ದಿನ ನೋಡೋಣವೋ? ಹದಿನೈದು ವರ್ಷದ ಜಮಾಖರ್ಚು ಈಗ ಮುಂದಿದೆ.

ಕಾಯೋಣ ಎಂದವರ ವಾದ ಗಟ್ಟಿಯಾಗಿಯೇ ಇತ್ತು. 2010ರಲ್ಲಿ ಒಂದು ಯೂನಿಟ್ ಕರೆಂಟ್ ತುಂಬಿಟ್ಟುಕೊಳ್ಳುವ ಬ್ಯಾಟರಿಗೆ ಸಾವಿರ ಡಾಲರಿಗೂ ಮೇಲೆ ಬೀಳುತ್ತಿತ್ತು. ಬ್ಲೂಮ್‌ಬರ್ಗ್ ಎನ್‌ಇಎಫ್ ಸಮೀಕ್ಷೆಯ ಪ್ರಕಾರ 2024ಕ್ಕೆ ಅದು 115 ಡಾಲರಿಗೆ ಇಳಿದಿತ್ತು. ಇದರ ಫಲ ಶೋರೂಮಿನಲ್ಲೂ ಕಂಡಿತು. 2013ರ ಆಗಸ್ಟ್‌ನಲ್ಲಿ ವೋಲ್ಟ್ ಬೆಲೆ ಒಂದೇ ಏಟಿಗೆ 5,000 ಡಾಲರ್ ಇಳಿಯಿತು. 2016ರ ಹೊಸ ಮಾದರಿ 34,000 ಡಾಲರ್ ಆಸುಪಾಸಿಗೆ ಸಿಕ್ಕಿತು, ಕರೆಂಟಿನಲ್ಲಿ ಓಡುವ ದೂರವೂ 85 ಕಿಲೋಮೀಟರಿಗೆ ಏರಿತು. ಟೊಯೋಟಾದ ಕಡೆ ಏರಿಕೆ ಇನ್ನೂ ಹೆಚ್ಚು: 2012ರ ಪ್ರಿಯಸ್ ಪ್ಲಗ್-ಇನ್‌ಗೆ ಸುಮಾರು 18 ಕಿಲೋಮೀಟರ್ ಇದ್ದದ್ದು 2023ರ ಪ್ರಿಯಸ್ ಪ್ರೈಮ್‌ಗೆ 71 ಆಯಿತು. ಇಷ್ಟಕ್ಕೇ ಗೆರೆ ಎಳೆದು ಕೂಡಿಸಿದರೆ ಕಾದವನೇ ಜಾಣ.

ಆದರೆ ಅವನು ಕಾಯುತ್ತಿದ್ದಾಗ ಸರ್ಕಾರವೇನೂ ಸುಮ್ಮನೆ ಕೂತಿರಲಿಲ್ಲ. ಆ 7,500 ಡಾಲರ್ ರಿಯಾಯಿತಿಗೆ ಒಂದು ಮಿತಿ ಇತ್ತು. ಕಂಪನಿಯೊಂದು ಪ್ಲಗ್ಗಿಗೆ ಸಿಕ್ಕಿಸುವಂಥ 2 ಲಕ್ಷ ಕಾರು ಮಾರಿದ ಮೇಲೆ ಅದು ಕರಗುತ್ತ ಹೋಗುತ್ತಿತ್ತು. ಜನರಲ್ ಮೋಟಾರ್ಸ್ 2018ರ ಕೊನೆಗೆ ಆ ಗಡಿ ಮುಟ್ಟಿತು. ಅದೇ ನವೆಂಬರ್‌ನಲ್ಲಿ ವೋಲ್ಟ್ ನಿಲ್ಲಿಸುವ ಪ್ರಕಟಣೆಯೂ ಬಂತು, 2019ರಲ್ಲಿ ಕಾರೇ ಮಾರುಕಟ್ಟೆಯಿಂದ ಹೋಯಿತು. ಇನ್ನೂ ಒಳ್ಳೆಯ ವೋಲ್ಟ್ ಬರಲಿ ಎಂದು ಕೂತವರಿಗೆ ಯಾವ ವೋಲ್ಟೂ ಸಿಗಲಿಲ್ಲ. 2022ರ ಹೊಸ ಕಾನೂನು ರಿಯಾಯಿತಿಗೆ ಮರುಜೀವ ಕೊಟ್ಟಿತು, 2025ರ ಜುಲೈನ ಮತ್ತೊಂದು ಕಾನೂನು ಅದನ್ನು ಸೆಪ್ಟೆಂಬರ್ 30ಕ್ಕೆ ಮುಗಿಸಿತು. ಕ್ಯಾಲಿಫೋರ್ನಿಯಾದಲ್ಲಿ ಇಂಥ ಕಾರುಗಳಿಗೆ ಕಾರ್‌ಪೂಲ್ ಲೇನಿನಲ್ಲಿ ಒಬ್ಬರೇ ಓಡಿಸಿಕೊಂಡು ಹೋಗಲು ಬಿಡುತ್ತಿದ್ದ ಸ್ಟಿಕ್ಕರಿನ ಅವಧಿ ಮುಗಿದದ್ದೂ ಅದೇ ದಿನ. ಫ್ರೀಮಾಂಟ್, ಸನ್ನಿವೇಲ್‌ಗಳಲ್ಲಿ ನೆಲೆಸಿ ದಿನಾ ಟ್ರಾಫಿಕ್ಕಿನಲ್ಲಿ ಬೇಯುವ ನಮ್ಮ ಕನ್ನಡಿಗ ಇಂಜಿನಿಯರುಗಳನ್ನು ಕೇಳಿ ನೋಡಿ, ಆ ಸ್ಟಿಕ್ಕರಿನ ಬೆಲೆ ಹೇಳುತ್ತಾರೆ. ಈ ನಡುವೆ, 2024ರ ಜನವರಿಯಲ್ಲಿ, ಪ್ಲಗ್-ಇನ್ ಹೈಬ್ರಿಡ್‌ಗಳನ್ನು ಮತ್ತೆ ತರುವುದಾಗಿ ಜನರಲ್ ಮೋಟಾರ್ಸ್ ಹೇಳಿತು. ಕೈಬಿಟ್ಟವರೇ ಮತ್ತೆ ಅರಸಿಕೊಂಡು ಹೊರಟ ಹಾಗಾಯಿತು.

ಮೊದಲ ಸಾಲಿನಲ್ಲೇ ಹಣ ಕೊಟ್ಟವರ ಕಥೆ? ಅವರನ್ನು ಹೆದರಿಸಿದ್ದು ಬ್ಯಾಟರಿ ಸತ್ತರೆ ಗತಿಯೇನು ಎಂಬ ಮಾತು. 2011ರಲ್ಲಿ ಡಿಕ್ಕಿ ಪರೀಕ್ಷೆ ಮಾಡಿ ನಿಲ್ಲಿಸಿದ್ದ ವೋಲ್ಟೊಂದು ಮೂರು ವಾರದ ನಂತರ ಹೊತ್ತಿ ಉರಿದದ್ದು ದೊಡ್ಡ ಸುದ್ದಿಯಾಯಿತು. ತನಿಖೆ ನಡೆದು 2012ರ ಜನವರಿಯಲ್ಲಿ ಮುಗಿಯಿತು. ಆದರೆ ಕಾರಿನ ಹೊಟ್ಟೆಯೊಳಗೆ ಇಣುಕಿದವರಿಗೆ ಬೇರೆಯೇ ಚಿತ್ರ ಕಾಣುತ್ತಿತ್ತು. ಟಿ ಆಕಾರದ, ಸುಮಾರು 200 ಕಿಲೋ ತೂಕದ ಬ್ಯಾಟರಿ ಸೀಟುಗಳ ನಡುವೆ ಉದ್ದಕ್ಕೂ ಮಲಗಿತ್ತು. ಹಿಂದಿನ ಸೀಟಿನಲ್ಲಿ ಮೂರನೆಯವರಿಗೆ ಜಾಗವಿಲ್ಲದ್ದಕ್ಕೆ ಅದೇ ಕಾರಣ. 16 ಯೂನಿಟ್ ಹಿಡಿಯುವ ಆ ಬ್ಯಾಟರಿಯಲ್ಲಿ ಸುಮಾರು 10 ಯೂನಿಟ್ಟನ್ನಷ್ಟೇ ಕಾರು ಮುಟ್ಟುತ್ತಿತ್ತು. ಪೂರ್ತಿ ತುಂಬಿಸುವುದೂ ಇಲ್ಲ, ಪೂರ್ತಿ ಬರಿದು ಮಾಡುವುದೂ ಇಲ್ಲ. ದ್ರವ ಹರಿಸಿ ತಣ್ಣಗಿಡುವ ವ್ಯವಸ್ಥೆ ಬೇರೆ. ಎಂಟು ವರ್ಷದ ವಾರಂಟಿ ಕೊಡುವ ಧೈರ್ಯ ಬಂದದ್ದು ಈ ಜಿಪುಣತನದಿಂದ. ನನಗೆ ಇನ್ನೂ ಇಷ್ಟವಾದ ವಿವರವೆಂದರೆ, ವಾರಗಟ್ಟಲೆ ಪೆಟ್ರೋಲ್ ಮುಟ್ಟದೆ ಓಡಿಸಿದರೆ ಎಂಜಿನ್ ಜಡ್ಡುಗಟ್ಟದಿರಲಿ ಎಂದು ಕಾರೇ ಅದನ್ನು ಸ್ವಲ್ಪ ಹೊತ್ತು ಚಾಲೂ ಮಾಡಲು ಅನುಮತಿ ಕೇಳುತ್ತಿತ್ತು. ಟ್ಯಾಂಕಿನ ಪೆಟ್ರೋಲ್ ವರ್ಷ ಹಳೆಯದಾದರೆ ಅದನ್ನು ಉರಿಸಿ ಖಾಲಿ ಮಾಡುತ್ತಿತ್ತು. ಪೆಟ್ರೋಲ್ ಹಳಸುವಷ್ಟು ದಿನ ಬಂಕಿನ ಕಡೆ ತಲೆ ಹಾಕದವರಿಗೂ ಜಾಗ ಇಟ್ಟುಕೊಂಡೇ ಮಾಡಿದ ಕಾರು ಅದು.

ನಿಜವಾಗಿ ಬಾಚಿಕೊಂಡವರು ಇವರಿಬ್ಬರೂ ಅಲ್ಲ, ಸೆಕೆಂಡ್ ಹ್ಯಾಂಡ್ ಹಿಡಿದವರು. ತೆರಿಗೆ ರಿಯಾಯಿತಿ ಆಗ ಹೊಸ ಕಾರಿಗೆ ಮಾತ್ರ ಇದ್ದುದರಿಂದ ಅಷ್ಟು ಮೊತ್ತ ಹಳೆ ಕಾರಿನ ಬೆಲೆಯಿಂದ ತಾನಾಗಿಯೇ ಕಳೆದುಹೋಗುತ್ತಿತ್ತು. ಹೊಸ ಮಾದರಿ ಬಂತೆಂಬ ಸುದ್ದಿಯೂ ಬ್ಯಾಟರಿಯ ಭಯವೂ ಸೇರಿ ಅದನ್ನು ಇನ್ನಷ್ಟು ಕೆಳಗೆ ತಳ್ಳಿದವು. ಮೂರು ವರ್ಷದ ಲೀಸ್ ಮುಗಿಸಿ ಬಂದ ವೋಲ್ಟ್‌ಗಳು ಹೊಸದರ ಅರ್ಧ ಬೆಲೆಗೂ ಕಡಿಮೆಗೆ ಬಿಕರಿಯಾದವು. ಬ್ಯಾಟರಿ ವಾರಂಟಿ ಎರಡನೆಯ ಮಾಲೀಕನಿಗೂ ದಾಟಿಕೊಳ್ಳುತ್ತಿತ್ತು. ‘ಕೊಳ್ಳಲೋ ಕಾಯಲೋ’ ಎಂಬ ಜಗಳದಲ್ಲಿ ಈ ಮೂರನೆಯ ದಾರಿಯ ಮಾತೆತ್ತಿದವರು ಕಡಿಮೆ.

ಯುರೋಪಿನಲ್ಲಿ ಲೆಕ್ಕ ಇನ್ನೊಂದು ಥರ ಕೆಟ್ಟಿತು. ನೆದರ್‌ಲ್ಯಾಂಡ್ಸ್, ಬ್ರಿಟನ್‌ಗಳಲ್ಲಿ ಕಂಪನಿ ಕಾರುಗಳ ತೆರಿಗೆ ಉಳಿಯುತ್ತದೆ ಎಂದು ಮಿತ್ಸುಬಿಷಿ ಔಟ್‌ಲ್ಯಾಂಡರ್ ಪ್ಲಗ್-ಇನ್ ಹೈಬ್ರಿಡ್‌ಗೆ ಜನ ಮುಗಿಬಿದ್ದರು. ಪೆಟ್ರೋಲ್ ಹಾಕಿಸಲು ಕಂಪನಿಯ ಕಾರ್ಡ್ ಇದೆ, ಮನೆಯ ಕರೆಂಟ್ ಬಿಲ್ ಮಾತ್ರ ಸ್ವಂತ ಜೇಬಿನದು ಎಂದ ಮೇಲೆ ಯಾರು ಪ್ಲಗ್ ಚುಚ್ಚುತ್ತಾರೆ? ಲೀಸ್ ಮುಗಿಸಿ ವಾಪಸಾದ ಕೆಲವು ಕಾರುಗಳ ಡಿಕ್ಕಿಯಲ್ಲಿ ಚಾರ್ಜಿಂಗ್ ಕೇಬಲ್ ಪ್ಲಾಸ್ಟಿಕ್ ಸಹ ಬಿಚ್ಚದೆ ಬಿದ್ದಿತ್ತೆಂದು ಬ್ರಿಟಿಷ್ ಪತ್ರಿಕೆಗಳು ಬರೆದವು. ಕಾರುಗಳೊಳಗಿನ ಮೀಟರುಗಳ ಲೆಕ್ಕ ತೆಗೆದ ಯುರೋಪಿಯನ್ ಆಯೋಗ 2024ರ ಮಾರ್ಚ್‌ನಲ್ಲಿ ಹೇಳಿದ್ದೂ ಇದನ್ನೇ: ಪ್ಲಗ್-ಇನ್ ಹೈಬ್ರಿಡ್‌ಗಳು ರಸ್ತೆಯಲ್ಲಿ ಉಗುಳುವ ಇಂಗಾಲದ ಡೈಆಕ್ಸೈಡ್, ಪ್ರಯೋಗಾಲಯದ ಅಂಕಿಗಿಂತ ಸರಾಸರಿ 3.5 ಪಟ್ಟು. ಯಾವ ವರ್ಷ ಕೊಂಡರು ಎನ್ನುವುದಕ್ಕಿಂತ ರಾತ್ರಿ ಕಾರು ನಿಲ್ಲುವ ಜಾಗದಲ್ಲಿ ಪ್ಲಗ್ ಇದೆಯೇ, ಇದ್ದರೆ ಅದಕ್ಕೆ ಕೈ ಹೋಗುತ್ತದೆಯೇ ಎನ್ನುವುದೇ ಮುಖ್ಯವಾಯಿತು.

ಕಾದದ್ದು ಪೂರ್ತಿ ಸಾರ್ಥಕವಾದ ದೇಶವೆಂದರೆ ಚೀನಾ. 2008ರಲ್ಲೇ ಎಫ್3ಡಿಎಂ ಎಂಬ ಪ್ಲಗ್-ಇನ್ ಹೈಬ್ರಿಡ್ ತಂದಿದ್ದ ಅಲ್ಲಿನ ಬಿವೈಡಿ ಕಂಪನಿ, 2024ರ ಫೆಬ್ರುವರಿಯಲ್ಲಿ ಚಿನ್ ಪ್ಲಸ್ ಎಂಬ ಪ್ಲಗ್-ಇನ್ ಹೈಬ್ರಿಡ್ಡನ್ನು 79,800 ಯುವಾನ್‌ಗೆ, ಅಂದರೆ ಸುಮಾರು 9 ಲಕ್ಷ ರೂಪಾಯಿಗೆ ಮಾರತೊಡಗಿತು.

ಇನ್ನು ನಮ್ಮ ಕಡೆ. 2001ರಲ್ಲೇ ರೇವಾ ಎಂಬ ಎಲೆಕ್ಟ್ರಿಕ್ ಕಾರನ್ನು ರಸ್ತೆಗಿಳಿಸಿದ ಊರು ಬೆಂಗಳೂರು. ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ 2013ರಿಂದ ಹೈಬ್ರಿಡ್ ಕಾರುಗಳು ತಯಾರಾಗುತ್ತಿವೆ. ಜಯನಗರದಿಂದ ವೈಟ್‌ಫೀಲ್ಡ್‌ಗೆ ಹೋಗಿಬರಲು ಹಳೆಯ ವೋಲ್ಟ್‌ನ ಕರೆಂಟೇ ಸಾಕಿತ್ತು, ಶನಿವಾರ ಶೃಂಗೇರಿಯ ಕಡೆ ಹೊರಟರೆ ಎಂಜಿನ್ ಇದ್ದೇ ಇರುತ್ತಿತ್ತು. ಇಲ್ಲಿನ ಮಧ್ಯಮ ವರ್ಗಕ್ಕೆ ಹೇಳಿ ಮಾಡಿಸಿದ ಕಾರು, ಅವರಿಗೆ ಎಟುಕುವ ಬೆಲೆಗೆ ಬರಲೇ ಇಲ್ಲ. ವೋಲ್ವೊ, ಬಿಎಂಡಬ್ಲ್ಯು, ರೇಂಜ್ ರೋವರ್‌ನಂಥ ಕಾರು ಕೊಳ್ಳುವವರಿಗಷ್ಟೇ ಅದು ಮೀಸಲಾಯಿತು. 2017ರ ಜಿಎಸ್‌ಟಿ ದೊಡ್ಡ ಹೈಬ್ರಿಡ್‌ಗಳ ಮೇಲೆ ಸೆಸ್ ಸೇರಿ ಶೇ 43 ಹೊರಿಸಿತು. ಎಲೆಕ್ಟ್ರಿಕ್ ಕಾರಿಗೆ ಶೇ 12 ಇದ್ದದ್ದು 2019ರ ಆಗಸ್ಟ್‌ನಿಂದ ಶೇ 5 ಆಯಿತು. 2025ರ ಸೆಪ್ಟೆಂಬರ್ 22ರ ಪರಿಷ್ಕರಣೆಯ ನಂತರವೂ ದೊಡ್ಡ ಹೈಬ್ರಿಡ್‌ಗಳಿಗೆ ಶೇ 40. ದಿನಕ್ಕೆ 80 ಕಿಲೋಮೀಟರ್ ಕರೆಂಟಿನಲ್ಲೇ ಓಡಬಲ್ಲ ಕಾರನ್ನೂ ಪ್ಲಗ್ಗೇ ಇಲ್ಲದ ಹೈಬ್ರಿಡ್ಡನ್ನೂ ತೆರಿಗೆಯ ಕೋಷ್ಟಕ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಈ ಕಾರಿನ ಮಟ್ಟಿಗೆ ಕೊಳ್ಳುವ, ಕಾಯುವ ತೀರ್ಮಾನವನ್ನು ಗ್ರಾಹಕನಿಗಿಂತ ಮೊದಲೇ ಜಿಎಸ್‌ಟಿ ಮಂಡಳಿ ಮಾಡಿಬಿಟ್ಟಿದೆ.

ಹಾಗಾಗಿ ಅಗ್ಗದ ಪ್ಲಗ್-ಇನ್ ಹೈಬ್ರಿಡ್ ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಹಳೆ ಡೀಸೆಲ್ ಗಾಡಿಯನ್ನೇ ಎಳೆಯುತ್ತಿರುವವರಿಗೆ ಕಾಯಿರಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಸ್ವಂತ ಪ್ಲಗ್ ಇದ್ದು ಓಡಾಟ ಹೆಚ್ಚಾಗಿ ಊರೊಳಗೇ ಇದ್ದರೆ ಎಲೆಕ್ಟ್ರಿಕ್ ಕೊಳ್ಳಬಹುದು. ಕರ್ನಾಟಕದಲ್ಲಿ 25 ಲಕ್ಷ ದಾಟಿದ ಎಲೆಕ್ಟ್ರಿಕ್ ಕಾರುಗಳಿಗೆ 2024ರಲ್ಲಿ ಶೇ 10 ಆಜೀವ ತೆರಿಗೆ ಬಿದ್ದದ್ದು ನೆನಪಿರಲಿ. ಪ್ಲಗ್ ಇಲ್ಲದವರಿಗೆ ಬಿಡದಿಯ ಹೈಬ್ರಿಡ್ಡೇ ವಾಸಿ. ಅಪಾರ್ಟ್‌ಮೆಂಟಿನಲ್ಲಿರುವವರು ಶೋರೂಮಿಗೆ ಹೋಗುವ ಮುಂಚೆ ಅಸೋಸಿಯೇಷನ್ ಸಭೆಗೆ ಹೋಗಿ, ತಮ್ಮ ಮೀಟರಿನಿಂದ ಪಾರ್ಕಿಂಗ್ ಕಂಬದವರೆಗೆ ಒಂದು 16 ಆಂಪಿಯರ್ ಸಾಕೆಟ್ಟಿಗೆ ಲೈನ್ ಎಳೆಸಲು ಒಪ್ಪಿಗೆ ಪಡೆಯಬೇಕು. ಅದಕ್ಕೆ ಇನ್ನೊಂದು ಮಾಡೆಲ್ ಬರುವತನಕ ಕಾಯುವ ಅಗತ್ಯವಿಲ್ಲ.