ಮನೆವಾರ್ತೆ: ಕೆಟ್ಟ ಗಣಕಯಂತ್ರದಲ್ಲಿ ಉಳಿದ ಬರಹ

ಕಾಲವಾದ ತಮ್ಮ ತಂದೆಯವರು 2002ರಲ್ಲಿ ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿಟ್ಟಿದ್ದ ಮನೆತನದ ವೃತ್ತಾಂತವು ಯಂತ್ರದೊಡನೆಯೇ ಹೋಯಿತೇ ಎಂದು ವಾಚಕರೊಬ್ಬರು ವ್ಯಸನದಿಂದ ಕೇಳಿರುವರು. ಯಂತ್ರವು ಈಗ ನಡೆಯುವುದಿಲ್ಲವಂತೆ. ಗುಜರಿಗೆ ಹಾಕಿಬಿಡುವುದೆಂದು ಮನೆಯವರ ಅಭಿಪ್ರಾಯವಂತೆ. ಹಾಗೆ ಮಾಡಕೂಡದೆಂದು ನಾವು ಮೊದಲೇ ಹೇಳುವೆವು.

ಯಂತ್ರವು ಕೆಟ್ಟಿತೆಂದ ಮಾತ್ರಕ್ಕೆ ಬರಹವೂ ಕೆಟ್ಟಿತೆಂದು ತಿಳಿಯಬಾರದು. ಬರಹವಿರುವುದು ಹಾರ್ಡ್ ಡಿಸ್ಕ್ ಎಂಬ ಲೋಹದ ಪೆಟ್ಟಿಗೆಯಲ್ಲಿ. ಅದರೊಳಗೆ ಕನ್ನಡಿಯಂತೆ ನುಣುಪಾದ ಬಿಲ್ಲೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5400 ಅಥವಾ 7200 ಸಲ ತಿರುಗುವುವು. ಓದುವ ಮೊನೆಯು ಅವನ್ನು ಮುಟ್ಟದೆ, ಕೂದಲೆಳೆಗಿಂತ ಎಷ್ಟೋ ಪಾಲು ಕಿರಿದಾದ ಅಂತರದಲ್ಲಿ ತೇಲುವುದು. ಅಕ್ಷರಗಳು ಕಾಂತಶಕ್ತಿಯ ಗುರುತುಗಳಾಗಿ ನಿಂತಿರುವುದರಿಂದ ವಿದ್ಯುತ್ತು ತಪ್ಪಿದೊಡನೆ ಅಳಿಸಿಹೋಗವು. ಅನೇಕ ವೇಳೆ ಕೆಡುವುದು ವಿದ್ಯುತ್ತನ್ನು ಒದಗಿಸುವ ಭಾಗವೋ ಮದರ್‌ಬೋರ್ಡೋ ಹೊರತು ಡಿಸ್ಕಲ್ಲ.

ಆದುದರಿಂದ ವಿದ್ಯುತ್ತಿನ ತಂತಿಯನ್ನು ಕಿತ್ತು, ತಿರುಪುಗಳನ್ನು ಬಿಚ್ಚಿ, ಡಿಸ್ಕನ್ನು ಮೆಲ್ಲನೆ ಹೊರತೆಗೆಯತಕ್ಕದ್ದು. ಆ ಕಾಲದವು ಸಾಮಾನ್ಯವಾಗಿ ಐಡಿಇ ಎಂಬ ಬಗೆಯವು. 40 ಸೂಜಿಗಳ ಅಗಲವಾದ ಪಟ್ಟಿತಂತಿಯಿಂದ ಗುರುತಿಸಬಹುದು. 2003ರಲ್ಲಿ ಬಂದ ಸಾಟಾ ಬಗೆಯದಕ್ಕೆ ತಂತಿಯು ಕಿರಿದು. ಎರಡಕ್ಕೂ ಹೊಂದುವ ಯುಎಸ್‌ಬಿ ಅಡಾಪ್ಟರುಗಳು ದೊರೆಯುವುವು. ಮೇಜಿನ ಯಂತ್ರದ 3.5 ಅಂಗುಲದ ಡಿಸ್ಕಿಗೆ 12 ವೋಲ್ಟಿನ ವಿದ್ಯುತ್ತೂ ಬೇಕಾಗಿರುವುದರಿಂದ, ಬೇರೆ ವಿದ್ಯುತ್ ಸರಬರಾಯಿಯುಳ್ಳ ಅಡಾಪ್ಟರನ್ನೇ ಕೊಳ್ಳತಕ್ಕದ್ದು.

ಡಿಸ್ಕನ್ನು ಹೊಸ ಯಂತ್ರಕ್ಕೆ ಕೂಡಿಸಿದಾಗ, "ಫಾರ್ಮ್ಯಾಟ್ ಮಾಡಬೇಕೇ?" ಎಂಬ ಪ್ರಶ್ನೆಯು ತೆರೆಯ ಮೇಲೆ ಬಂದರೆ ಒಪ್ಪಕೂಡದು. ಹಳೆಯ ಡಿಸ್ಕಿನ ಮೇಲೆ ಹೊಸದೇನನ್ನೂ ಬರೆಯಲೂ ಕೂಡದು. ಅಳಿಸಿದ ಕಡತವು ಕೂಡ ಇಂತಹ ಡಿಸ್ಕಿನಲ್ಲಿ ತತ್‌ಕ್ಷಣ ನಾಶವಾಗದು. ಅದರ ಸ್ಥಳವು ಬರಿದೆಂದು ಪಟ್ಟಿಯಲ್ಲಿ ನಮೂದಾಗುವುದಷ್ಟೆ. ಅದೇ ಸ್ಥಳದಲ್ಲಿ ಬೇರೆ ಬರಹವು ಕುಳಿತರೆ ಮಾತ್ರ ಹೋದದ್ದು ಹೋದಂತೆಯೇ. ಓದುವಾಗ ಡಿಸ್ಕು ತಡವರಿಸಿದರೆ, ತಿಳಿದವರಿಂದ ಡಿಡಿರೆಸ್ಕ್ಯೂ ಎಂಬ ತಂತ್ರಾಂಶದ ಮೂಲಕ ಇಡೀ ಡಿಸ್ಕಿನ ಪ್ರತಿಯನ್ನು ಮಾಡಿಸಿಕೊಂಡು, ಆ ಪ್ರತಿಯಲ್ಲಿಯೇ ಹುಡುಕುವುದು ಲೇಸು.

ಟಿಕ್ ಟಿಕ್ ಎಂದು ಮತ್ತೆ ಮತ್ತೆ ಸದ್ದಾದರೆ ಕೂಡಲೇ ನಿಲ್ಲಿಸತಕ್ಕದ್ದು. ಅದು ಮೊನೆಯೇ ಕೆಟ್ಟಿರುವುದರ ಸೂಚನೆಯಾಗಿರಬಹುದು. ಮನೆಯಲ್ಲಿ ಪೆಟ್ಟಿಗೆಯನ್ನು ತೆರೆದರೆ ಒಂದು ಧೂಳಿನ ಕಣವೂ ಬಿಲ್ಲೆಯನ್ನು ಕೆಡಿಸೀತು. ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುವುದೆಂಬ ಮಾತನ್ನು ನಂಬಿದರೆ ತೇವವು ಸೇರೀತು. ಇಂತಹ ಕೆಲಸವು ಧೂಳಿಲ್ಲದ ಕೋಣೆಯುಳ್ಳ ತಜ್ಞರದು, ವೆಚ್ಚವೂ ಹೆಚ್ಚು.

ಕನ್ನಡಿಗರಿಗೆ ಇನ್ನೊಂದು ಗಂಡವುಂಟು. ಕಡತವು ದೊರೆತು ತೆರೆದರೆ ಕನ್ನಡದ ಬದಲು ಇಂಗ್ಲಿಷು ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಕಾಣಬಹುದು. ಕೆಟ್ಟುಹೋಯಿತೆಂದು ಅಳಿಸಿಬಿಟ್ಟೀರಿ, ಜೋಕೆ! ಯೂನಿಕೋಡ್ ಬಳಕೆಗೆ ಬರುವ ಮುನ್ನ 'ನುಡಿ', 'ಬರಹ' ಮೊದಲಾದ ತಂತ್ರಾಂಶಗಳು ಇಂಗ್ಲಿಷು ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ರೂಪಗಳನ್ನು ಕೂರಿಸಿದ್ದುವು. ಅದೇ ಫಾಂಟನ್ನು ಹಾಕಿದೊಡನೆ ಕನ್ನಡವು ಮೂಡುವುದು. ಅನಂತರ ಪರಿವರ್ತಕದಿಂದ ಯೂನಿಕೋಡಿಗೆ ತಿರುಗಿಸಿಕೊಳ್ಳಬಹುದು. ಒತ್ತಕ್ಷರಗಳೂ ಅರ್ಕಾವತ್ತೂ ಕೆಲವೊಮ್ಮೆ ಸ್ಥಾನ ತಪ್ಪುವುದರಿಂದ, ಹೆಸರುಗಳನ್ನೂ ಊರುಗಳನ್ನೂ ಬಲ್ಲ ಹಿರಿಯರ ಮುಂದೆ ಓದಿ ತಿದ್ದಿಕೊಳ್ಳತಕ್ಕದ್ದು. ಹಿರಿಯರಿರುವಾಗಲೇ ಈ ಕಾರ್ಯವಾಗಬೇಕು.

ದೊರೆತುದನ್ನು ಎರಡು ಕಡೆ ಪ್ರತಿಮಾಡಿ, ಒಂದನ್ನು ಬೇರೆ ಊರಿನ ಒಡಹುಟ್ಟಿದವರಲ್ಲಿಡಿ; ಒಂದು ಪ್ರತಿಯನ್ನು ಕಾಗದದ ಮೇಲೂ ಮುದ್ರಿಸಿಡಿ. ಕಾಗದವನ್ನು ಓದಲು ಯಾವ ಯಂತ್ರವೂ ಬೇಕಿಲ್ಲ.